ಬೀರಣ್ಣನ ಗಾಡಿಯ ಹೊಸ ಗಂಟಲು

ಕರಜಗಿಯ ಬೀರಣ್ಣ ದೊಡ್ಡ ಮನುಷ್ಯ. ಈ ಮಾತನ್ನು ಮೊದಲು ಹೇಳಿದವನು ಅವನೇ, ಈಗಲೂ ಆಗಾಗ ಹೇಳುವವನು ಅವನೇ. ದೊಡ್ಡತನಕ್ಕೆ ಅವನ ಬಳಿ ಇದ್ದ ಆಧಾರ ಒಂದೇ ಒಂದು: ಅವನ ಕುರಿಗಳು ಅವನನ್ನು ಬಿಟ್ಟು ಇನ್ನೊಬ್ಬರ ಬೆನ್ನು ಹತ್ತುವುದಿಲ್ಲ. ಉಳಿದ ಕುರಿಗಾರರು ಕೋಲು ಬೀಸಿ, ಶಿಳ್ಳೆ ಹೊಡೆದು, ನಾಯಿ ಛೂ ಬಿಟ್ಟು ಗಂಟಲು ಹರಿದುಕೊಂಡು ಹಿಂಡು ಸಾಗಿಸುತ್ತಾರೆ. ಬೀರಣ್ಣ ತನ್ನ ಹಳೆಯ ನೂರು ಸಿಸಿ ಮೋಟರ್ ಸೈಕಲ್ ಏರಿ ಮುಂದೆ ಹೊರಡುತ್ತಾನೆ, ಹಿಂದೆ ತಿರುಗಿ ಸಹ ನೋಡುವುದಿಲ್ಲ. ಹಿಂಡು ತಾನಾಗಿ ಬರುತ್ತದೆ. ಗಾಡಿಯ ಎರಡೂ ಬದಿಗೆ ನೇತುಬಿಟ್ಟ ಚೀಲಗಳಲ್ಲಿ ನಡೆಯಲಾರದ ಎಳೆ ಮರಿಗಳು ಕತ್ತು ಹೊರಗೆ ಚಾಚಿ, ಮೆರವಣಿಗೆಯ ಪುಢಾರಿಗಳಂತೆ ಎಡಕ್ಕೂ ಬಲಕ್ಕೂ ನೋಡುತ್ತ ಸಾಗುತ್ತವೆ.

ಇದು ಹೇಗೆಂದು ಯಾರಾದರೂ ಕೇಳಿದರೆ, ಕೇಳದಿದ್ದರೂ, ಬೀರಣ್ಣನ ಉತ್ತರ ಸಿದ್ಧವಿತ್ತು.

"ನಮ್ಮಜ್ಜಗ ಬೀರಪ್ಪ ಕೊಟ್ಟ ವರ ಅದ. ನಮ್ಮ ಮನಿತನದ ಗಂಡಮಕ್ಕಳ ಹಿಂದ ಕುರಿ ತಾವ ಬರ್ತಾವ."

ಈಚೆಗೆ ಕುರಿಗಾರರ ದೇವರ ಆ ವರ ಇನ್ನೂ ಬೆಳೆದಿತ್ತು. ಮಧ್ಯಾಹ್ನ ರೊಟ್ಟಿ ತಿಂದು ಬೇವಿನ ಮರದ ಕೆಳಗೆ ಮಲಗಿದರೆ ಅವನಿಗೆ ಒಳ್ಳೆಯ ನಿದ್ದೆ. ಮಲಗುವಾಗ ಕುರಿಗಳು ಬರಡು ನೆಲದಲ್ಲಿರುತ್ತಿದ್ದವು. ಎದ್ದು ನೋಡಿದರೆ ದೂರದ ಕಾಲುವೆಯ ದಂಡೆಯ ಮೇಲೆ ಹಸಿರು ಮೇಯುತ್ತಿರುತ್ತಿದ್ದವು. ಕಾವಲಿಗೆ ಇದ್ದವಳು ಹೆಂಡತಿ ಸುಗಲಾಬಾಯಿ ಒಬ್ಬಳೇ, ಅವಳಂತೂ ಒಲೆಯ ಮುಂದೆ ಕೂತಿರುತ್ತಿದ್ದಳು. ಬೀರಣ್ಣ ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. "ನಾ ಕನಸಿನಾಗ ಎಲ್ಲಿ ಹುಲ್ಲು ಕಾಣ್ತೀನಲ್ಲ, ಕುರಿ ಅಲ್ಲಿಗೆ ಹೋಗಿ ನಿಂದರ್ತಾವ." ಇದನ್ನು ಅವನು ಹೋಟಗಿಯ ಚಹಾದಂಗಡಿಯಲ್ಲಿ ಹೇಳಿದಾಗ ನಗದೆ ಕೇಳಿದವರು ಇಬ್ಬರು, ಅವರಲ್ಲಿ ಒಬ್ಬನಿಗೆ ಕನ್ನಡ ಬರುತ್ತಿರಲಿಲ್ಲ.

ಸೊಲ್ಲಾಪುರದ ಹತ್ತಿರದ ಹೋಟಗಿಗೆ ಅವನು ಬಂದದ್ದು ವರ್ಷದ ಪದ್ಧತಿಯಂತೆ. ಜೋಳದ ರಾಶಿ ಮುಗಿದ ಮೇಲೆ ಕರಜಗಿಯ ಕುರಿಗಾರರು ಅಲ್ಲಲ್ಲಿ ರೈತರ ಹೊಲಗಳಲ್ಲಿ ಹಿಂಡು ಕೂಡಿಸುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳ. ಬೀರಣ್ಣನ ಪಾಲಿಗೆ ಬಂದ ಹೊಲಕ್ಕೂ ಊರಿಗೂ ನಡುವೆ ರೈಲು ಹಳಿ, ಹಳಿಯ ಮೇಲೆ ಒಂದು ಮೇಲುಸೇತುವೆ. ಬೀರಣ್ಣನ ದೊಡ್ಡತನ ದಿನಾ ಸಿಕ್ಕಿಕೊಳ್ಳುತ್ತಿದ್ದದ್ದು ಆ ಸೇತುವೆಯ ಏರಿನಲ್ಲಿ.

ನೀರಿನ ಕ್ಯಾನು, ಹಿಟ್ಟಿನ ಚೀಲ, ಮರಿಗಳು, ಹಿಂದೆ ಸುಗಲಾಬಾಯಿ. ಅರ್ಧ ಏರು ಹತ್ತುವಷ್ಟರಲ್ಲಿ ಗಾಡಿ ಕೆಮ್ಮಿ, ನಡುಗಿ, ನಿಂತೇ ಬಿಡುತ್ತಿತ್ತು. ಸುಗಲಾಬಾಯಿ ಇಳಿಯುತ್ತಿದ್ದಳು. ಅವನು ಮುಂದೆ ಗುರುಗುಟ್ಟುತ್ತ ಹತ್ತುವುದು. ಅವಳು ಅವನ ಎಡಗಾಲು ಗೇರು ಒದೆಯುವುದನ್ನೂ ಬಲಗೈ ತಿರುಗುವುದನ್ನೂ ನೋಡುತ್ತ ಹಿಂದೆ ನಡೆಯುವುದು. ಮೇಲೆ ಹೋಗಿ ಬೀರಣ್ಣ ರೈಲು ನೋಡಲೆಂದೇ ನಿಂತವನಂತೆ ನಿಲ್ಲುತ್ತಿದ್ದ. ಹೀಗಿರುವಾಗ ಒಂದು ದಿನ ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದ ಒಬ್ಬ ಮುದುಕ ಬೀರಣ್ಣನ ಗಾಡಿಯನ್ನು ದಾಟಿ ಹೋದ. ದಾಟುವಾಗ ಮರ್ಯಾದೆಯಿಂದ, "ಬರ್ರಿ, ಸಾವಕಾಶ ಬರ್ರಿ" ಅಂದ.

ಆ ರಾತ್ರಿ ಬೀರಣ್ಣನಿಗೆ ಊಟ ಸೇರಲಿಲ್ಲ.

"ಗಾಡಿಗೆ ತಾಕತ್ತಿಲ್ಲ. ಎಣ್ಣಿ ಅಂತೂ ಎಮ್ಮಿ ನೀರು ಕುಡದಂಗ ಕುಡೀತದ. ನಾ ಹೊಡೆಯೋದಕ್ಕೂ ಅದು ಕುಡಿಯೋದಕ್ಕೂ ತಾಳಾ ಇಲ್ಲ. ನಾಳಿ ಗ್ಯಾರೇಜಿನ ಪ್ರಸಾದಗ ತೋರಸ್ತೀನಿ."

ಪೆಟ್ರೋಲಿನ ಮಾತು ಬಂದಾಗ ಸುಗಲಾಬಾಯಿ ಒಲೆಯ ಕಡೆ ತಿರುಗಿದಳು. ಆಮೇಲೆ ಅಂದಳು: "ಅಂವ ಏನರ ಮಾಡ್ಲಿ, ಆ ಹಿಂದಿನ ಕೊಳವಿ ಮಾತ್ರ ಮುಟ್ಟಬ್ಯಾಡ ಅನ್ರಿ."

"ಸೈಲೆನ್ಸರ್? ಯಾಕ?"

"ಕುರಿಗೆ ಅದರ ಆವಾಜ ರೂಢಿ ಆಗ್ಯದ. ಬದ್ಲಾದ್ರ ಬೆನ್ನು ಹತ್ತಂಗಿಲ್ಲ."

"ಕುರಿ ನನ್ನ ನೋಡಿ ಬರ್ತಾವ, ಕೊಳವಿ ನೋಡಿ ಬರಾಂಗಿಲ್ಲ" ಅಂದ ಬೀರಣ್ಣ. ಇಷ್ಟು ವರ್ಷ ಸಂಸಾರ ಮಾಡಿಯೂ ಹೆಂಡತಿಗೆ ತನ್ನ ಬೆಲೆ ತಿಳಿಯಲಿಲ್ಲವಲ್ಲ ಎಂದು ಅವನಿಗೆ ಕೆಡುಕೆನಿಸಿತು.

ಪ್ರಸಾದನ ಗ್ಯಾರೇಜು ಇರುವುದು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಾರ್ಖಾನೆಗಳ ಪ್ರದೇಶ ಎಂಐಡಿಸಿಯಲ್ಲಿ, ಟವೆಲ್ ನೇಯುವ ಕಾರ್ಖಾನೆಯ ಎದುರಿಗೆ. ಮಗ್ಗಗಳ ಖಟಖಟದಲ್ಲಿ ಗಿರಾಕಿಯ ಮಾತು ಕೇಳುವುದಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸವೂ ಪ್ರಸಾದನಿಗಿಲ್ಲ. ಅವನು ನೇರವಾಗಿ ಗಾಡಿಯ ಹೊಟ್ಟೆಗೇ ಕೈ ಹಾಕಿದ. ಏರ್ ಫಿಲ್ಟರ್ ಹೊರಗೆ ಬಂತು. ಅದರ ಮೇಲೆ ಧೂಳೂ ಕುರಿಯ ಉಣ್ಣೆಯೂ ಸೇರಿ ದಪ್ಪಗೆ ಹೆಪ್ಪುಗಟ್ಟಿತ್ತು.

"ಮಾಮಾ, ಇದರಾಗ ಒಂದು ಕಂಬಳಿ ಆಗ್ತದ ನೋಡ್ರಿ. ಗಾಡಿ ಮೂಗು ಮುಚ್ಚಿ ಓಡು ಅಂದ್ರ ಹೆಂಗ ಓಡ್ತದ?"

ಆಮೇಲೆ ಹಿಂದಿನ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದ. ಅದು ತಿರುಗಲಿಲ್ಲ. ಬ್ರೇಕು ಗಾಲಿಯನ್ನು ಹಿಡಿದುಕೊಂಡೇ ಇತ್ತು.

"ಇಷ್ಟು ದಿನ ಬ್ರೇಕ ಒತ್ತಿಕೊಂಡ ಹೊಡದೀರಿ."

ಬೀರಣ್ಣ ಬೆಪ್ಪಾಗಿ ನಿಂತ. ಪ್ರಸಾದ ಬ್ರೇಕು ಸಡಿಲಿಸಿದ, ಕಾರ್ಬುರೇಟರ್ ತೊಳೆದ, ಹೊಸ ಪ್ಲಗ್ ಹಾಕಿದ, ಒಣಗಿದ ಚೈನಿಗೆ ಎಣ್ಣೆ ಕುಡಿಸಿದ, ಟೈರಿಗೆ ಸರಿಯಾಗಿ ಗಾಳಿ ತುಂಬಿದ. ಕೊನೆಗೆ ಹಿಂದಿನ ಗಾಲಿಯ ಹಲ್ಲಿನ ಚಕ್ರವನ್ನು ತೆಗೆದು, ಹಲ್ಲು ಹೆಚ್ಚಿರುವ ಬೇರೊಂದನ್ನು ಕೂಡಿಸಿದ. "ಓಟ ಥೋಡೆ ಕಮ್ಮಿ ಆಗ್ತದ, ಎಳತ ಜಾಸ್ತಿ ಆಗ್ತದ. ಏರಿಗೆ ಇದ ಔಷಧ." ಕಿಕ್ ಹೊಡೆದು ಕೂತು ಎರಡು ಸುತ್ತು ಹಾಕಿಬಂದ. ಗಾಡಿ ಹರೆಯಕ್ಕೆ ಮರಳಿತ್ತು. ಬುದ್ಧಿವಂತನಾಗಿದ್ದರೆ ಇಲ್ಲಿಗೆ ಮುಗಿಸಿ ಮನೆಗೆ ಹೋಗುತ್ತಿದ್ದ.

ಬೀರಣ್ಣನ ಕಣ್ಣು ಗೋಡೆಯ ಮೇಲೆ ತೂಗುಹಾಕಿದ್ದ ಒಂದು ಗಿಡ್ಡ, ಹೊಳೆಯುವ ಸೈಲೆನ್ಸರಿನ ಮೇಲೆ ಬಿತ್ತು. ತನ್ನ ಗಾಡಿಯದು ತಗ್ಗು ಬಿದ್ದು, ಬೆಸುಗೆ ಬಿಟ್ಟು, ತೂತಾಗಿ 'ಡುಬಕ್ ಡುಬಕ್ ಚೀಂ' ಎನ್ನುತ್ತಿತ್ತು.

"ಅದನ್ನ ಹಚ್ಚಿದ್ರ ಇನ್ನೂ ತಾಕತ್ತು ಬರ್ತದೇನು?"

ಪ್ರಸಾದ ಸುಳ್ಳು ಹೇಳುವವನಲ್ಲ. "ತಾಕತ್ತು ಏನೂ ಬರಾಂಗಿಲ್ಲ ಮಾಮಾ. ಆದ್ರ ನೀವು ಬರಾಕತ್ತೀರಿ ಅಂತ ಮಂದಿಗೆ ಗೊತ್ತಾಗ್ತದ."

"ಹಚ್ಚು" ಅಂದ ಬೀರಣ್ಣ.

"ಹಳೇದು ಒಯ್ಯತೀರೇನು?"

"ಅದನ್ನ ಯಾಂವ ಒಯ್ತಾನ?"

ಹಳೆಯದು ಮೂಲೆಗೆ ಬಿತ್ತು. ಹೊಸ ಗಂಟಲನ್ನು ನಾಲ್ಕು ಜನರಿಗೆ ಕೇಳಿಸದೆ ಹೊಲಕ್ಕೆ ಹೋಗುವುದು ಹೇಗೆ? ಆ ರಾತ್ರಿ ಸೊಲ್ಲಾಪುರದ ನೆಂಟರ ಮನೆಯಲ್ಲಿ ಉಳಿದು, ಅವರ ಓಣಿಯ ಮಕ್ಕಳನ್ನೂ ಮುದುಕರನ್ನೂ ಎಬ್ಬಿಸಿ, ಮರುದಿನ ಬೆಳಿಗ್ಗೆ ಹೋಟಗಿಯ ಹಾದಿ ಹಿಡಿದ. ಹೊಲಕ್ಕೆ ತಿರುಗದೆ ಮೊದಲು ಸೇತುವೆಗೇ ಹೋದ, ಏರನ್ನು ಗಾಡಿ ಉಸಿರು ತೆಗೆದುಕೊಳ್ಳದೆ ಹತ್ತಿತು. ಸೈಕಲ್ಲಿನ ಮುದುಕ ಎಲ್ಲಾದರೂ ಕಾಣುವನೇ ಎಂದು ಬೀರಣ್ಣ ಎರಡೂ ಕಡೆ ನೋಡಿದ. ಕಾಣಲಿಲ್ಲ.

ಹಿಂದಿರುಗಿ ಹೊಲಕ್ಕೆ ಬಂದಾಗ ಕುರಿಗಳು ಮೇಯುತ್ತಿದ್ದವು. ಬೀರಣ್ಣ ಎಂದಿನಂತೆ ಹಿಂಡಿನ ಸುತ್ತ ಒಂದು ಸುತ್ತು ಹಾಕಲು ಗಾಡಿ ತಿರುಗಿಸಿ ಆ್ಯಕ್ಸಿಲರೇಟರ್ ಹಿಂಡಿದ.

ಟಗರು ಮುಳ್ಳುಬೇಲಿ ಹಾರಿತು. ಹಿಂಡು ಹರಿದು ಹಂಚಿಹೋಯಿತು. ಮರಿಗಳು ಅಡುಗೆಯ ಪಾತ್ರೆಗಳ ನಡುವೆ ತಲೆ ತೂರಿಸಿದವು. ನಾಯಿ ಕೂಡ ಬಾಲ ಮಡಚಿ ಬೇವಿನ ಮರದ ಹಿಂದೆ ಹೋಯಿತು. ಬೀರಣ್ಣ ಗಾಬರಿಯಾಗಿ ಗಾಡಿ ಬಂದ್ ಮಾಡಿದ.

"ಹೋ... ಬರ್ರಿ, ನಾನಪಾ ನಾನು."

ಒಂದೂ ಬರಲಿಲ್ಲ. ಸುಗಲಾಬಾಯಿ ಕಿವಿಯಿಂದ ಕೈ ತೆಗೆದು ಗಾಡಿಯ ಹಿಂಭಾಗ ನೋಡಿದಳು. ಬಾಯಿಬಿಟ್ಟು ಬೈದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಗ ರಸ್ತೆಯ ಕಡೆಯಿಂದ ಕೇಳಿಸಿತು: ಡುಬಕ್ ಡುಬಕ್ ಚೀಂ.

ಬೀರಣ್ಣ ಬೆಚ್ಚಿ ಕೆಳಗೆ ತನ್ನ ಗಾಡಿಯನ್ನು ನೋಡಿದ. ಅದು ಬಂದ್ ಇತ್ತು. ಚದುರಿದ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ರಸ್ತೆಯಲ್ಲಿ ಹೋಗುತ್ತಿದ್ದವನು ಹೋಟಗಿಯ ಬಂಡೆಪ್ಪ, ಎಂಐಡಿಸಿಯ ಚಹಾದಂಗಡಿಗಳಿಗೆ ಹಾಲು ಹಾಕಿ ಖಾಲಿ ಕ್ಯಾನುಗಳೊಂದಿಗೆ ಮನೆಗೆ ಮರಳುತ್ತಿದ್ದ. ಟಗರು ಮುಂದಾಯಿತು. ಹಿಂದಿನಿಂದ ಇಡೀ ಹಿಂಡು ರಸ್ತೆಗಿಳಿದು, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂಬಂತೆ ಬಂಡೆಪ್ಪನ ಬೆನ್ನು ಹತ್ತಿತು.

ಬೀರಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. "ಕುಂದರ" ಎಂದು ಹೆಂಡತಿಯನ್ನು ಹಿಂದೆ ಹತ್ತಿಸಿಕೊಂಡು ಬೆನ್ನಟ್ಟಿದ. ಅದೇ ತಪ್ಪಾಯಿತು. ಹಿಂದಿನಿಂದ ಈ ಆರ್ಭಟ ಬಂದಷ್ಟೂ ಕುರಿಗಳು ಮುಂದಿನ ಡುಬಕ್ಕಿನ ಕಡೆ ಓಡಿದವು. ಬಂಡೆಪ್ಪ ಕನ್ನಡಿಯಲ್ಲಿ ನೋಡಿದರೆ ಕನ್ನಡಿ ತುಂಬ ಕೊಂಬು. ಅವನು ಹೆದರಿ ಜೋರು ಮಾಡಿದ, ಅವೂ ಜೋರಾದವು. ಸೇತುವೆಯ ಮೇಲೆ ಸಿಮೆಂಟಿನ ಲಾರಿಗಳು ನಿಂತವು, ಒಬ್ಬ ಡ್ರೈವರ್ ಇಳಿದು ಸುಮ್ಮನೆ ಸೊಂಟಕ್ಕೆ ಕೈ ಕೊಟ್ಟು ನೋಡಿದ. ಆ ದಿನ ಬೀರಣ್ಣನ ಗಾಡಿ ಇಬ್ಬರನ್ನೂ ಹೊತ್ತು ಏರು ಹತ್ತಿತು. ಸುಗಲಾಬಾಯಿ ಇಳಿಯಬೇಕಾಗಲಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಬಂಡೆಪ್ಪನ ಮನೆಯಿಂದ ದೂರದಲ್ಲೇ ಗಾಡಿ ನಿಲ್ಲಿಸಿ ನಡೆದು ಹೋದರು. ಅಂಗಳ ತುಂಬ ಕುರಿ. ಬಂಡೆಪ್ಪ ಹೊರಸಿನ ಮೇಲೆ ಕೂತಿದ್ದ. ಹೆದರಿಕೆ ಇಳಿದು ಅದರ ಜಾಗದಲ್ಲಿ ಬೇರೇನೋ ಏರಿತ್ತು. ಹಣೆ ತುಂಬ ಭಂಡಾರದ ಅರಿಶಿನ, ಯಾರೋ ತಂದ ತೆಂಗಿನಕಾಯಿ ಪಕ್ಕದಲ್ಲಿ. ಸುತ್ತ ಓಣಿಯ ಮಂದಿ.

"ಇವು ನನ್ನ ಕುರಿ" ಅಂದ ಬೀರಣ್ಣ.

"ಇರಬಹುದು" ಅಂದ ಬಂಡೆಪ್ಪ ಶಾಂತವಾಗಿ. "ನಾ ಕರದಿಲ್ಲ. ಬೀರಪ್ಪ ಕಳಿಸ್ಯಾನ. ಪಂಚಾಯ್ತಿಗೆ ನಿಂದ್ರಬೇಕೋ ಬ್ಯಾಡೋ ಅಂತ ಮೊನ್ನೆ ದೇವ್ರಿಗೆ ಕೇಳಿದ್ದೆ. ಇದ ಉತ್ತರ."

"ಮನಿತನದ ವರ ನಮ್ದು."

"ನಿಮ್ದಾದ್ರ ಕರೀರಿ. ಬಂದ್ರ ಒಯ್ಯಿರಿ."

ಬೀರಣ್ಣ ಕರೆದ. ತಂದೆಯಂತೆ ಕರೆದ, ಅಜ್ಜನಂತೆ ಕರೆದ. ಒಂದು ಮರಿ ಬಂದು ಅವನ ಧೋತರ ಮೂಸಿ, ತಪ್ಪು ವಿಳಾಸ ಎಂಬಂತೆ ಹಿಂದಿರುಗಿತು. ಬೀರಣ್ಣ ಜಗಲಿಯ ಮೇಲೆ ಕುಸಿದು ಕೂತ.

"ಈಗ ನೀವು ಕರೀರಿ ಅಣ್ಣಾರ" ಅಂದಳು ಸುಗಲಾಬಾಯಿ, ಬಂಡೆಪ್ಪನಿಗೆ.

ಬಂಡೆಪ್ಪ ಎದ್ದು ನಿಂತು, ಜನರ ಕಡೆ ನೋಡಿ, ಗಂಭೀರವಾಗಿ ಕರೆದ. ಟಗರು ಅವನ ಜೋಳದ ಕಣಕಿಯ ಬಣವೆಯಿಂದ ಬಾಯಿ ತೆಗೆಯಲಿಲ್ಲ.

ಸುಗಲಾಬಾಯಿ ನೆಟ್ಟಗೆ ಬಂಡೆಪ್ಪನ ಗಾಡಿಯ ಬಳಿ ಹೋಗಿ ಒಂದು ಕಿಕ್ ಹೊಡೆದಳು. ಡುಬಕ್ ಡುಬಕ್ ಚೀಂ. ಅಂಗಳದ ಅಷ್ಟೂ ತಲೆಗಳು ಮೇಲೆದ್ದವು. ಮಂದಿಯ ತಲೆಗಳೂ.

ಸುಗಲಾಬಾಯಿ ಗಾಡಿ ಬಂದ್ ಮಾಡಿ ಬಂಡೆಪ್ಪನ ಕಡೆ ತಿರುಗಿದಳು.

"ಈ ಕೊಳವಿ ಯಾವಾಗ ಹಾಕ್ಸೀರಿ?"

"ನಿನ್ನಿ ಸಂಜಿಗಿ" ಅಂದ ಬಂಡೆಪ್ಪ, ದನಿ ಸಣ್ಣದಾಗಿ. "ನನ್ನದು ತುಕ್ಕು ಹಿಡಿದು ಕಳಚಿ ಬಿದ್ದಿತ್ತು. ಪ್ರಸಾದ ಅಂದ, ಮೂಲ್ಯಾಗ ಒಂದು ಹಳೇದು ಬಿದ್ದದ, ನಿಮ್ಮ ಗಾಡೀದ ಕಂಪನಿದ ಅದ..."

ಒಳಗಿನಿಂದ ಅವನ ತಾಯಿ ಕಸ್ತೂರಬಾಯಿ ಹೊರಗೆ ಬಂದಳು. ಮುದುಕಿ ಬಣವೆ ನೋಡಿದಳು, ಮಗನ ಹಣೆ ನೋಡಿದಳು. "ಎಮ್ಮಿ ಕಣಕಿ ಅರ್ಧಾ ಖಾಲಿ ಆತು. ದೇವ್ರು ಕಳಿಸಿದ್ರ ಮೇವೂ ಕಳಸ್ತಿದ್ದ. ಬಿಚ್ಚಿ ಕೊಡೋ ಅದನ್ನ. ಮೊದಲ ಆ ಹಣಿ ತೊಳಕೋ."

ಹೀಗೆ ದೇವರ ವರ ಪಡೆದ ಇಬ್ಬರು ಗಂಡಸರು ಸ್ಪ್ಯಾನರ್ ಹಿಡಿದು, ತೂತು ಬಿದ್ದ ಒಂದು ಸೈಲೆನ್ಸರಿನ ಎರಡೂ ಬದಿಗೆ ಕುಕ್ಕರಗಾಲಿನಲ್ಲಿ ಕೂತರು. ಬೀರಣ್ಣ ತಳ್ಳಿಕೊಂಡು ತಂದ ಗಾಡಿಗೆ ಹಳೆಯದು ಮರಳಿತು. ಹೊಳೆಯುವ ಗಿಡ್ಡ ಕೊಳವೆ ಬಂಡೆಪ್ಪನಿಗೆ ಹೋಯಿತು. ಚುನಾವಣೆಗೆ ನಿಲ್ಲುವವನಿಗೆ ಅದೇ ಸರಿ. ಬರುತ್ತಿದ್ದಾನೆಂದು ಮಂದಿಗೆ ಗೊತ್ತಾಗುತ್ತದೆ.

"ನಡೀರಿ" ಅಂದಳು ಸುಗಲಾಬಾಯಿ.

ಬೀರಣ್ಣ ಗಾಡಿ ಹತ್ತಲಿಲ್ಲ. ಕೊಳವೆಯನ್ನು ನೋಡುತ್ತಲೇ ಇದ್ದ. "ನಾ ಕೋಲು ಹಿಡಕೊಂಡು ಹಿಂದ ಬರ್ತೀನಿ. ಇನ್ನ ನನಗ ಅದರ ಮ್ಯಾಲ ಕುಂದ್ರೂದು ಆಗಂಗಿಲ್ಲ."

"ಮತ್ತ ಮುಂದ ಗಾಡಿ ಯಾರು ಹೊಡೀಬೇಕು?"

ಅವನು ಅಂಗಳದ ಮೂಲೆಯಲ್ಲಿ ಕೋಲು ಹುಡುಕತೊಡಗಿದ. ಅವಳು ಸೆರಗು ಸೊಂಟಕ್ಕೆ ಸಿಗಿಸಿ, ಕಚ್ಚೆಯ ಸೀರೆ ಸರಿಮಾಡಿಕೊಂಡು ಗಾಡಿ ಏರಿದಳು. ಕಿಕ್, ಕ್ಲಚ್, ಗೇರು. ಗಾಡಿ ಜರ್ಕು ಹೊಡೆಯದೆ ಮುಂದೆ ಸರಿಯಿತು. ಕುರಿಗಳು ಹಿಂದೆ ಬಿದ್ದವು. ಆ ದಿನ ಬೀರಣ್ಣನಿಗೆ ಬಹಳ ಆಘಾತಗಳಾಗಿದ್ದವು. ಇದರ ಮುಂದೆ ಅವೆಲ್ಲ ಸಣ್ಣವಾದವು. ಅವನು ಕೈಯಲ್ಲಿ ಕೋಲು ಹಿಡಿದು, ಬಾಯಿ ಮುಚ್ಚುವುದನ್ನು ಮರೆತು, ಹಿಂಡಿನ ನಡುವೆ ನಡೆದ.

ಸೇತುವೆಯ ಏರನ್ನು ಅವಳು ಒಂದೇ ಗೇರಿನಲ್ಲಿ ಹತ್ತಿದಳು. ಮೇಲೆ ನಿಲ್ಲಿಸಿ ಕಾದಳು. ಬೀರಣ್ಣ ಏದುಸಿರು ಬಿಡುತ್ತ ಬಂದು ಮುಟ್ಟಿದ.

"ಯಾವಾಗ ಕಲ್ತಿ?"

"ಅರ್ಧಾ ಈ ಏರಿನಾಗ, ನಿಮ್ಮ ಹಿಂದ ನಡಕೋತ. ಇನ್ನರ್ಧಾ ನೀವು ಮಧ್ಯಾಹ್ನ ಮಕ್ಕೊಂಡಾಗ."

ಕೆಳಗೆ ಒಂದು ಗೂಡ್ಸ್ ರೈಲು ಹಾಯುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ಬೀರಣ್ಣ ಯೋಚಿಸಿದ.

"ಹಂಗಾರ ಎಣ್ಣಿ..."

"ಹೂಂ."

"ಮತ್ತ ಕುರಿ, ಕಾಲುವಿ ದಂಡಿಗಿ..."

"ಅಲ್ಲಿ ಹುಲ್ಲು ಚೊಲೋ ಇತ್ತು. ಗಾಡಿ ಒಯ್ದ್ರ ಅವೂ ಬರ್ತಿದ್ವು."

"ನನ್ನ ಕನಸು?"

ಸುಗಲಾಬಾಯಿ ಅವನ ಮುಖ ನೋಡಿದಳು. "ಕನಸು ನಿಮ್ದ ಇತ್ರಿ" ಅಂದಳು, ಸಮಾಧಾನದಿಂದ. "ಹತ್ರಿ, ಲಾರಿ ನಿಂತಾವ."

ಅವಳು ಹಿಂದಿನ ಸೀಟಿಗೆ ಸರಿಯಲಿಲ್ಲ. ಬೀರಣ್ಣ ಒಂದು ಕ್ಷಣ ನಿಂತು, ಹಿಂದೆ ಹತ್ತಿ ಕೂತು, ಮಡಿಲಲ್ಲಿ ಒಂದು ಮರಿ ಇಟ್ಟುಕೊಂಡ.

ಈಗಲೂ ಆ ಹಿಂಡು ಗಾಡಿಯ ಹಿಂದೆಯೇ ಬರುತ್ತದೆ, ಗಾಡಿ ಇಬ್ಬರನ್ನೂ ಹೊತ್ತು ಸೇತುವೆ ಹತ್ತುತ್ತದೆ. ಹೇಗೆಂದು ಕೇಳಿದವರಿಗೆ ಬೀರಣ್ಣ ಹಿಂದಿನ ಸೀಟಿನಿಂದ ಉತ್ತರ ಕೊಡುತ್ತಾನೆ.

"ನಮ್ಮಜ್ಜಗ ಬೀರಪ್ಪ ಕೊಟ್ಟ ವರ ಅದ. ಗಂಡಮಕ್ಕಳಿಗೆ ಅಂತ ಏನೂ ಅಂದಿದ್ದಿಲ್ಲ, ಮನಿತನಕ್ಕ ಅಂದಿದ್ದ. ಸೊಸೆಂದಿರೂ ಅದರಾಗ ಬರ್ತಾರ."