ಸಾಲಾಳ ಕೋಟಿನ ಎದೆ

ಹಡ್ಸನ್ ಕೊಲ್ಲಿಯ ಒಂದು ದ್ವೀಪದಲ್ಲಿ ಸಿಮಿಯೋನಿಗೆ ಗಂಟೆ ಲೆಕ್ಕದ ಕೆಲಸ: ಬಾತುಗಳ ಬೆನ್ನು ಹತ್ತಿ ಬಂದ ಸಂಶೋಧಕಿ ಹೆಲೆನ್ ಮೇಡಂ ಹಿಂದೆ ದುರ್ಬೀನು ಹೊತ್ತು ನಡೆಯುವುದು. ಹಕ್ಕಿ ಕಂಡರೆ ಅವಳು ಬರೆದುಕೊಳ್ಳುತ್ತಿದ್ದಳು, ಇವನು ಆಕಳಿಸುತ್ತಿದ್ದ. ಬಾಯಿ ಮಾತ್ರ ಸಂಬಳಕ್ಕಿಂತ ದೊಡ್ಡದು. ಉತ್ತರದ ಬಂಡೆಗಳ ಮೇಲೆ ಎದೆಗೆ ಬೂದಿ ಪಟ್ಟೆಯಿದ್ದ ಕಡಲಬಾತು ಇತ್ತಂತೆ, ಅದು ಬೇರೆಯೇ ಉಪಪ್ರಭೇದ, ಆದರೆ ತೋರಿಸಲು ಒಂದು ಚರ್ಮವೂ ಇಲ್ಲ ಎಂದು ಅವಳು ಕೊರಗಿದಾಗ, ತಾನೂ ಏನೋ ಬಲ್ಲವನೆಂದು ತೋರಿಸಿಕೊಳ್ಳಲು ಇವನು ಬಾಯಿಬಿಟ್ಟ: "ನಮ್ಮ ದೈನಾ ಚಿಕ್ಕಮ್ಮನ ಹತ್ರ ಇದೆ. ಮಗಳ ಕೋಟು."

ಬಾತಿನ ಚರ್ಮದ ಕೋಟು ಹೊಲಿಯುವುದರಲ್ಲಿ ದೈನಾಳದು ಎತ್ತಿದ ಕೈ. ಗಂಡ ಆ ಬಂಡೆಗಳಿಂದ ಬೇಟೆಯಾಡಿ ತಂದ ಹಕ್ಕಿಗಳಿಂದ ಮಗಳು ಸಾಲಾಗೆ ಪುಟ್ಟ ಕೋಟು ಹೊಲಿದಿದ್ದಳು. ಹುಡುಗಿ ಅದನ್ನು ಒಂದು ಚಳಿಗಾಲ ತೊಟ್ಟಳು. ಹಿಮ ಕರಗುವ ಹೊತ್ತಿಗೆ ಜ್ವರ ಬಂದು ತೀರಿಕೊಂಡಳು. ಅಲ್ಲಿ ಸತ್ತವರ ಹೆಸರು ಮುಂದೆ ಹುಟ್ಟುವ ಕೂಸಿಗೆ ಹೋಗುತ್ತದೆ, ಹೆಸರಿನ ಜೊತೆ ಅವರೂ ಮರಳುತ್ತಾರೆ. ಸಾಲಾಳ ಹೆಸರನ್ನು ಮಾತ್ರ ಯಾವ ಬಸುರಿಯೂ ಕೇಳಲಿಲ್ಲ. ಮುಂದೊಂದು ವರ್ಷ ಕಡಲು ಪೂರ್ತಿ ಹೆಪ್ಪುಗಟ್ಟಿತು. ಆ ಬಾತುಗಳೂ ಮತ್ತೆ ಕಾಣಲಿಲ್ಲ.

"ನೀನು ಹುಟ್ಟಿದಾಗ್ಲೇ ಆ ಬಾಯಿಗೆ ಒಂದು ಹೊಲಿಗೆ ಹಾಕ್ಬೇಕಿತ್ತು ಕಣೋ," ಎಂದಳು ದೈನಾ, ಸಿಮಿಯೋನಿ ಮೇಡಂ ಜೊತೆ ಮನೆಗೆ ಬಂದು ಕೋಟಿನ ಮಾತೆತ್ತಿದಾಗ.

"ದಾರ ಸಾಲ್ತಿರ್ಲಿಲ್ಲ ಬಿಡು ಚಿಕ್ಕಮ್ಮ."

ಅವಳು ನಗಲಿಲ್ಲ. ಮೇಡಂ ಕಡೆ ತಿರುಗಿದಳು. "ಆ ಬಾತಿಗೆ ಹೆಸರು ನೀನೇ ಇಡ್ತೀಯಾ?"

ಇಬ್ಬರ ಭಾಷೆಯೂ ಬಲ್ಲ ಸಿಮಿಯೋನಿ ಅತ್ತಿಂದಿತ್ತ ಮಾತು ದಾಟಿಸಿದ. "ಹೂಂ ಅಂತೆ. ಬರೆದು ವರ್ಣಿಸೋರೇ ಇಡ್ಬೇಕಂತೆ. ಆದ್ರೆ ಕೋಟಿನ ಎದೆ ತುಂಡು ಮ್ಯೂಸಿಯಮ್ಮಿಗೆ ಹೋಗ್ಬೇಕಂತೆ."

"ಸಾಲಾ ಅಂತ ಇಡೋಕೆ ಹೇಳು."

ಮೇಡಂ ಒಪ್ಪಿ ತಲೆಯಾಡಿಸಿದಳು.

"ಆ ಬಾತು ಎಲ್ಲಾದ್ರೂ ಬದುಕಿದ್ಯಾ?"

ಮೇಡಂ ಮೆಲ್ಲಗೆ ಏನೋ ಅಂದಳು. ದಾಟಿಸುವವನು ಸುಳ್ಳು ಹೇಳಬಹುದಿತ್ತು; ಅಷ್ಟು ದೊಡ್ಡ ಬಾಯಿ ಅಂದು ಕೈಕೊಟ್ಟಿತು. "ಇಲ್ಲ ಅನ್ಸುತ್ತೆ, ಚಿಕ್ಕಮ್ಮ."

ದೈನಾ ಕೋಟಿನ ತೋಳು ನೀವಿದಳು. "ಹಾಗಾದ್ರೆ ಅದಕ್ಕೂ ಯಾರೂ ಇಲ್ಲ," ಎಂದಳು. ಆಮೇಲೆ ಪ್ರಾಣಿಯ ನರದಿಂದ ಹೊಸೆದ ದಾರವನ್ನು ಎಂಜಲಲ್ಲಿ ನೆನೆಸಿ ಒಂದೊಂದೇ ಹೊಲಿಗೆ ಬಿಚ್ಚಿದಳು. ಕತ್ತರಿ ಮುಟ್ಟಲು ಯಾರಿಗೂ ಬಿಡಲಿಲ್ಲ.

ಎದೆಯ ತುಂಡಿನ ಮೇಲೆ ಸೀಲ್ ಎಣ್ಣೆಯ ಕಲೆಯಿತ್ತು, ಸಾಲಾ ಉಣ್ಣುವಾಗ ಚೆಲ್ಲಿಕೊಂಡದ್ದು. ಪಟ್ಟೆ ಕಾಣಬೇಕಾದರೆ ತೊಳೆಯಲೇಬೇಕು ಎಂದಳು ಮೇಡಂ. ಸಿಮಿಯೋನಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದಿಟ್ಟ. ಅವನ ಕೈ ಮಾತ್ರ ನೀರಿಗಿಳಿಯಲಿಲ್ಲ.

"ಸರಿ ಆಚೆ, ನಿಂಗೆ ಬರಲ್ಲ," ಎಂದು ದೈನಾ ತನ್ನ ಅಂಗಿಯ ತೋಳು ಮಡಚಿದಳು. ಮಗುವಿನ ಗಲ್ಲ ಒರೆಸುವ ಹಾಗೆ ಮೆಲ್ಲಗೆ ಉಜ್ಜಿದಳು. ಕಲೆ ಬಿಟ್ಟಿತು, ಬೂದಿ ಪಟ್ಟೆ ಮೂಡಿತು. ಮೇಡಂ ಸಂತೋಷ ತಡೆಯಲಾರದೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

ಸಿಮಿಯೋನಿ ಕಲೆಯ ಎಣ್ಣೆ ತೇಲುತ್ತಿದ್ದ ಬೋಗುಣಿ ಎತ್ತಿಕೊಂಡು ಬಾಗಿಲಿಗೆ ನಡೆದ.

"ಎಲ್ಲಿಗೋ?"

"ಚೆಲ್ಲೋಕೆ."

"ಇಡು ಕೆಳಗೆ."