ಹೊಸಬರಿಗೆ ದಪ್ಪ ಕಡ್ಡಿ

ನಮ್ಮ ಬೆಟ್ಟದೂರು ಕೊನ್ಯಾಕುವ್‌ನಲ್ಲಿ ಲೇಸು ಹೆಣೆಯುವ ಕ್ರೋಶಾ ಕಡ್ಡಿ ಹಿಡಿಯದ ಹೆಂಗಸನ್ನು ಹುಡುಕುವುದೇ ಕಷ್ಟ. ಆದರೆ ಹೊಸಬರಿಗೆ ಕಡ್ಡಿ ಆರಿಸಿಕೊಡಬೇಕೆಂದರೆ ಎಲ್ಲರೂ ನನ್ನ ಪಕ್ಕದ ಮನೆಯ ಜುಜಾನಾ ಹರಾತಿಕ್ ಬಳಿಗೇ ಹೋಗುತ್ತಿದ್ದರು. ಗಂಡ ಕಾಡಿನಲ್ಲಿ ಮರ ಬಿದ್ದು ಸತ್ತ ಮೇಲೆ ಅವಳು ಲೇಸು ಹೆಣೆದೇ ಮಗನನ್ನು ಸಾಕಿದವಳು. ಅವಳ ಬಾಯಿಗೆ ಇಡೀ ಊರು ಹೆದರುತ್ತಿತ್ತು. ಅವಳು ಯಾವುದಕ್ಕಾದರೂ ಹೆದರಿದ್ದನ್ನು ಮಾತ್ರ ನಾನು ಆ ದಿನದ ತನಕ ಕಂಡಿರಲಿಲ್ಲ.

ಅವಳ ಸೊಸೆ ಬೆಯಾತಾ ಪೇಟೆಯ ಹುಡುಗಿ. ಮಗು ಯುರಾ ಅಂಬೆಗಾಲಿಡುವ ಹೊತ್ತಿಗೆ ಅವಳಿಗೂ ಹೆಣಿಗೆ ಕಲಿಯುವ ಆಸೆಯಾಯಿತು. ಒಂದು ಡಬ್ಬಿ ಹೊಳೆಯುವ ಕಡ್ಡಿಗಳನ್ನು ಕೊಂಡು ತಂದಳು. ಜುಜಾನಾ ಒಂದೊಂದನ್ನೇ ಕೆಳತುಟಿಯ ಮೇಲೆ ಎಳೆದು ನೋಡಿದಳು. ತುಟಿಗೆ ತರಚುವ ಕಡ್ಡಿ ನೂಲನ್ನು ಸೀಳದೆ ಬಿಡುವುದಿಲ್ಲ.

"ಇದು ಮೀನು ಹಿಡಿಯೋಕೆ. ಇದು ಹಲ್ಲು ಕೆದಕೋಕೆ. ಇದು ಅತ್ತೆ ಕಣ್ಣಿಗೆ ಚುಚ್ಚೋಕೆ," ಎನ್ನುತ್ತ ಎಲ್ಲವನ್ನೂ ಬದಿಗೆ ಹಾಕಿ, ಕೊನೆಗೆ ಒಂದು ದಪ್ಪ ಅಲ್ಯೂಮಿನಿಯಂ ಕಡ್ಡಿ ಎತ್ತಿಕೊಟ್ಟಳು. ಅದರ ತಲೆ ದುಂಡಗಿತ್ತು, ಕೊಕ್ಕೆಯ ಒಳಗು ನುಣ್ಣಗಿತ್ತು, ಹೆಬ್ಬೆರಳು ಊರಲು ಚಪ್ಪಟೆ ಜಾಗವಿತ್ತು. "ದಪ್ಪ ನೂಲು ತಗೋ, ತಿಳಿ ಬಣ್ಣದ್ದು. ಕುಣಿಕೆ ಕಣ್ಣಿಗೆ ಕಾಣ್ಬೇಕು. ತಪ್ಪು ಕಂಡ್ರೆ ತಾನೇ ಬಿಚ್ಚೋದು?"

ಬೆಯಾತಾಳ ಮುಖ ಊದಿಕೊಂಡಿತು. "ಊರೋರೆಲ್ಲ ಸೂಜಿ ಥರದ್ದು ಹಿಡೀತಾರೆ, ನಂಗೆ ಮಾತ್ರ ಒನಕೆನಾ ಅಮ್ಮ?"

"ಮೊಮ್ಮಗ ಇನ್ನೂ ಅಂಬೆಗಾಲು, ಇವಳು ಆಗ್ಲೇ ಓಡೋಕೆ ಹೊರಟವಳೆ ನೋಡು!" ಎಂದು ಜುಜಾನಾ ನನ್ನ ಕಡೆ ಕಣ್ಣು ಮಿಟುಕಿಸಿದಳು. ಮಗು ತೆವಳುವ ಮನೆಯಲ್ಲಿ ತನ್ನ ಸಣ್ಣ ಉಕ್ಕಿನ ಕಡ್ಡಿಯನ್ನು ಸೊಸೆ ಮುಟ್ಟಲೇಬಾರದು ಎಂದೂ ಕಟ್ಟಪ್ಪಣೆ ಮಾಡಿದಳು.

ಬೇಡವೆಂದದ್ದನ್ನೇ ಮಾಡುವುದು ಮನುಷ್ಯ ಸ್ವಭಾವ. ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ ಅತ್ತೆ ಕುರಿಗಳಿಗೆ ಹುಲ್ಲು ಹಾಕಲು ಹೋದಾಗ, ಬೆಯಾತಾ ಅವಳ ಅರ್ಧ ಹೆಣೆದ ಟೋಪಿಯಿಂದ ಆ ಸಣ್ಣ ಕಡ್ಡಿಯನ್ನು ತೆಗೆದುಕೊಂಡು ಕೈ ಆಡಿಸಿದಳು. ಒಲೆಯ ಮೇಲೆ ಹಾಲು ಉಕ್ಕಿತು. ಕಡ್ಡಿಯನ್ನು ಕುರ್ಚಿಯ ಮೇಲೆ ಬಿಟ್ಟು ಒಳಗೆ ಓಡಿದಳು. ಹಿಂದೆ ಬರುವಷ್ಟರಲ್ಲಿ ಜುಜಾನಾ ಹುಲ್ಲು ಹಾಕಿ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದಳು. ಕಡ್ಡಿ ಕಾಣಲಿಲ್ಲ. ಕುರ್ಚಿಯ ಕೆಳಗೆ ಕಂಬಳಿಯ ಮೇಲೆ ಯುರಾ ಕೆಂಪಗಾಗಿ ಕೆಮ್ಮುತ್ತಿದ್ದ, ಬಾಯಿಂದ ಜೊಲ್ಲು ಸುರಿಯುತ್ತಿತ್ತು.

ಕಿರುಚಾಟ ಕೇಳಿ ನಾನು ಓಡಿದೆ. ಕಂಬಳಿ ಕೊಡವಿದೆವು, ಮಂಚದ ಕೆಳಗೆ ತಡವಿದೆವು. ಕಡ್ಡಿ ಸಿಗಲಿಲ್ಲ. ಜುಜಾನಾಳ ಮಗ ಗಡಿಯಾಚೆ ಚೆಕ್ ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಕಾರು ನನ್ನದು, ಓಡಿಸಬೇಕಾದವಳೂ ನಾನೇ.

ಆಸ್ಪತ್ರೆ ಇದ್ದದ್ದು ಬೆಟ್ಟದ ಕೆಳಗೆ, ಕಡಿದಾದ ಇಳಿಜಾರಿನ ದಾರಿ. ಹಿಮದಲ್ಲಿ ಚಕ್ರ ಜಾರುತ್ತಿತ್ತು. ಬೇಗ ಓಡಿಸಿದರೆ ಕಮರಿ, ನಿಧಾನ ಮಾಡಿದರೆ ಮಗು. ಒಂದೊಂದು ಕೆಮ್ಮಿಗೂ ಆ ಕೊಕ್ಕೆ ಗಂಟಲೊಳಗೆ ಇನ್ನಷ್ಟು ನಾಟುತ್ತಿದೆ ಅನ್ನಿಸುತ್ತಿತ್ತು. ಕೆಮ್ಮು ನಿಂತರೆ ಇನ್ನೂ ಹೆಚ್ಚು ಹೆದರಿಕೆ. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತ ಬೆಯಾತಾ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಲೇ ಇದ್ದಳು.

"ಮಗೂಗೆ ಏನಾದ್ರೂ ಆದ್ರೆ ನನ್ ಹೊಸ್ತಿಲು ತುಳೀಬೇಡ ನೀನು," ಎಂದಳು ಜುಜಾನಾ. ಬೆಯಾತಾ ಮಗುವನ್ನು ಇನ್ನಷ್ಟು ನೆಟ್ಟಗೆ ಎತ್ತಿ ಹಿಡಿದಳು. ನಾನು ಗೇರ್ ಇಳಿಸಿದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವಾಗ ಮಗುವಿನ ಕೈಗಳನ್ನು ಮೇಲಕ್ಕೆ ಹಿಡಿಯಲು ಯಾರಾದರೂ ಒಳಗೆ ಹೋಗಬೇಕಿತ್ತು. ಬೆಯಾತಾ ಬಾಗಿಲಲ್ಲೇ ನಿಂತುಬಿಟ್ಟಳು. ಜುಜಾನಾಳೇ ಹೋದಳು. ಸ್ವಲ್ಪ ಹೊತ್ತಿಗೆ ಡಾಕ್ಟರು ಚಿತ್ರ ತೋರಿಸಿದರು. ಎಳೆಯ ಮೂಳೆಗಳ ನಡುವೆ, ಸರಿಯಾಗಿ ಕುತ್ತಿಗೆಗೆ ಅಡ್ಡವಾಗಿ, ಬೆಳ್ಳಗೆ ಕಡ್ಡಿ. ಅದರ ಕೊಕ್ಕೆಯೂ ಸ್ಪಷ್ಟವಾಗಿತ್ತು. ಜುಜಾನಾ ಚಿತ್ರಕ್ಕೆ ಬೆನ್ನು ತಿರುಗಿಸಿದಳು.

"ಪ್ರಜ್ಞೆ ತಪ್ಸಿ ತೆಗೀಬೇಕು. ಅದಕ್ಕೆ ಮುಂಚೆ ಪಕ್ಕದಿಂದ ಇನ್ನೊಂದು ಚಿತ್ರ ತೆಗೀತೀವಿ," ಎಂದರು ಡಾಕ್ಟರು.

ಈ ಸಲವೂ ಕೈ ಹಿಡಿಯಲು ಜುಜಾನಾಳೇ ಹೋದಳು. ಎರಡನೆಯ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು. ಕಡ್ಡಿ ಗಂಟಲಲ್ಲಿರಲಿಲ್ಲ. ಮಗುವಿನ ತಲೆಗೂ ಮೇಲೆ, ಬರೀ ಗಾಳಿಯಲ್ಲಿ ನಿಂತಿತ್ತು.

"ಮಗೂನ ಹಿಡ್ಕೊಂಡಿದ್ದೋರು ಯಾರು?"

"ನಾನೇ," ಎಂದಳು ಜುಜಾನಾ.

"ಅಜ್ಜಿ, ಸ್ವಲ್ಪ ತೋಳು ತೋರ್ಸಿ."

ರವಿಕೆಯ ಅಗಲ ತೋಳಿನ ಪಟ್ಟಿಯೊಳಗೆ ಕಡ್ಡಿ ಸಿಕ್ಕಿಕೊಂಡಿತ್ತು. ಕೆಲಸ ನಿಲ್ಲಿಸಿದೊಡನೆ ಕಡ್ಡಿಯನ್ನು ತೋಳಿಗೆ ಸಿಕ್ಕಿಸುವುದು ನಮ್ಮೂರ ಹೆಂಗಸರ ಕೈಗೆ ಉಸಿರಾಟದಷ್ಟೇ ರೂಢಿ, ತಲೆಗೆ ಗೊತ್ತಾಗುವುದೇ ಇಲ್ಲ. ಕುರ್ಚಿಯ ಮೇಲಿದ್ದ ಕಡ್ಡಿ ಎತ್ತಿ ಕೂರುವಾಗ ಅವಳ ಕೈ ತನ್ನ ಪಾಡಿಗೆ ಆ ಕೆಲಸ ಮಾಡಿ ಮುಗಿಸಿತ್ತು.

"ಹಲ್ಲು ಬರ್ತಿದೆ, ಜೊಲ್ಲು ನೆತ್ತಿಗೇರಿದೆ ಅಷ್ಟೇ. ಮನೇಗ್ ಕರ್ಕೊಂಡೋಗಿ," ಎಂದರು ಡಾಕ್ಟರು.

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಜುಜಾನಾ ನಗಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಕೂತು ತನ್ನ ಎರಡು ಕೈಗಳನ್ನೇ ನೋಡುತ್ತಿದ್ದಳು. ಅವಳು ಹೆದರಿದ್ದನ್ನು ಅಂದು ಮೊದಲ ಸಲ ಕಂಡೆ. ಬೆಯಾತಾ ಮಗುವನ್ನು ಅವಳ ಮುಂದೆ ಚಾಚಿದಳು.

"ಬೇಡ ಕಣೇ. ನನ್ ಕೈಗೆ ಕೊಡ್ಬೇಡ."

"ಹಿಡ್ಕೊಳ್ಳಿ ಅಮ್ಮ, ಇವನಿಗೆ ಟೋಪಿ ಕಟ್ಬೇಕು," ಎಂದು ಬೆಯಾತಾ ಮಗುವನ್ನು ಅವಳ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು.

ಜುಜಾನಾ ಮಗುವನ್ನು ಎದೆಗವಚಿಕೊಂಡಳು. ಅವನ ಜೊಲ್ಲು ಒರೆಸುತ್ತ ಶುರು ಮಾಡಿದಳು: "ಕಾರಲ್ಲಿ ನಿಂಗೆ ಒಂದು ಮಾತಂದೆ..."

"ಮಗು ಕೆಮ್ತಾ ಇತ್ತಲ್ಲ ಅಮ್ಮ, ನಂಗೇನೂ ಕೇಳಿಸ್ಲಿಲ್ಲ," ಎಂದಳು ಬೆಯಾತಾ.

ಮುಂದಿನ ಸೀಟಿನಲ್ಲಿದ್ದ ನನಗೇ ಕೇಳಿಸಿತ್ತು.