ನಾಲ್ಕು ಗಂಟೆಯ ಸೈರನ್

ದುರ್ಗಿಗುಡಿಯ ನಮ್ಮ ಬೀದಿಯಲ್ಲಿ ನನ್ನಷ್ಟು ಎತ್ತರದವರು ಇರಲಿಲ್ಲ. ಯಾರ ಮನೆಯ ಬಲ್ಬ್ ಹೋದರೂ ಸ್ಟೂಲ್ ಹುಡುಕುವ ಬದಲು ನನ್ನನ್ನೇ ಕರೆಯುತ್ತಿದ್ದರು. ಆ ಧಿಮಾಕಿನಲ್ಲೇ ಶಿವಮೊಗ್ಗದ ಒಂದು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೆಂಟರ್ ಆದೆ. ಬುಟ್ಟಿಯ ಕೆಳಗೆ ನಿಂತು ಎದುರಾಳಿಯ ಸೆಂಟರನ್ನು ತಡೆಯುವುದು ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯ ಕಾಗದನಗರಕ್ಕೆ ಮೊದಲ ಸಲ ಆಡಲು ಹೋದಾಗ ಆ ಧಿಮಾಕೆಲ್ಲ ಐದೇ ನಿಮಿಷದಲ್ಲಿ ಇಳಿಯಿತು.

ಅಲ್ಲಿನ ಕಾರ್ಖಾನೆ ತಂಡದ ಸೆಂಟರ್ ನನಗಿಂತ ಒಂದು ತಲೆ ಎತ್ತರ, ಅಗಲದ ಮಾತು ಬೇಡ. ಆಟ ನೋಡಿಯೇ ಅವರಿಗೆ ಕೆಲಸ ಕೊಟ್ಟಿದ್ದರು. ಊರೂರು ಸುತ್ತಿ ಕಪ್ ಹೊತ್ತು ತರುತ್ತಿದ್ದರು. ಬುಟ್ಟಿಯ ಕೆಳಗೆ ಅವರ ಕೈಗೆ ಚೆಂಡು ಸಿಕ್ಕಿತೋ, ಮುಗಿಯಿತು. ಬಾಗಿಲು ತಳ್ಳಿದ ಹಾಗೆ ಭುಜದಿಂದ ನನ್ನನ್ನು ಸರಿಸಿ, ಚೆಂಡನ್ನು ಒಳಗೆ ಹಾಕಿ, ಹಿಂತಿರುಗಿಯೂ ನೋಡದೆ ನಡೆಯುತ್ತಿದ್ದರು. ಆನೆ ನಡೆದದ್ದೇ ದಾರಿ! "ಪೋಡು ಅಣ್ಣೇ!" ಎಂದು ಕ್ವಾರ್ಟರ್ಸ್‌ನ ತಮಿಳರು ಕೂಗಿದರೆ, "ಹಾಕಣ್ಣ!" ಎಂದು ಕನ್ನಡದವರು. ನನಗೋ ಹೊಟ್ಟೆಯಲ್ಲಿ ಬೆಂಕಿ. ವರ್ಷ ವರ್ಷವೂ ಹೋಗಿ ಸೋತು ಬಂದೆವು. ಕೊನೆಗೆ ಗೆಲ್ಲುವ ಆಸೆಯನ್ನೇ ಬಿಟ್ಟೆ. ಈ ಮನುಷ್ಯನನ್ನು ಒಂದೇ ಒಂದು ಸಲ ತಡೆಯಬೇಕು, ಅಷ್ಟು ಸಾಕಿತ್ತು.

ಒಂದು ವರ್ಷ ಫೌಲ್ ಮಾಡಿ ಮಾಡಿ ಬೇಗನೆ ಹೊರಬಿದ್ದು ಬೆಂಚಿನ ಮೇಲೆ ಕೂತಿದ್ದೆ. ನಾಲ್ಕು ಗಂಟೆಗೆ ಕಾರ್ಖಾನೆಯ ಸೈರನ್ ಕೂಗಿತು. ಸೈರನ್ ಕೂಗಿದರೆ ಎಡಗೈ ಎತ್ತಿ ವಾಚು ಸರಿಯಿದೆಯೇ ಎಂದು ನೋಡಿಕೊಳ್ಳುವುದು ಕಾಗದನಗರದವರ ರೂಢಿ. ಮಕ್ಕಳು, ಹೆಂಗಸರು, ಸ್ಕೋರ್ ಬರೆಯುವವರು, ಎಲ್ಲರ ಕಣ್ಣೂ ಮಣಿಕಟ್ಟಿನ ಮೇಲೆ. ಕೋರ್ಟಿನ ಮಧ್ಯೆ ಚೆಂಡು ಹಿಡಿದಿದ್ದ ಆ ಸೆಂಟರ್ ಕೂಡ ತಮ್ಮ ಎಡಗೈ ನೋಡಿಕೊಂಡರು! ಅಲ್ಲಿ ವಾಚೇ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ನಾನು ಬೆಂಚಿನಿಂದ ಎದ್ದೇಬಿಟ್ಟೆ.

ಮರುವರ್ಷದ ಪಂದ್ಯ ಅವರ ಕೊನೆಯದು ಎಂದು ಗೊತ್ತಾಯಿತು, ಮಂಡಿ ಸೋತಿತ್ತು. ಈ ಸಲ ತಪ್ಪಿದರೆ ಜನ್ಮದಲ್ಲಿ ಇಲ್ಲ. ಫೌಲ್ ಆಗದಂತೆ ಕೈಕಟ್ಟಿಕೊಂಡವನ ಹಾಗೆ ಆಡಿದೆ. ನಾಲ್ಕು ಹತ್ತಿರವಾಗುತ್ತಿದ್ದಂತೆ ಬೇಕೆಂದೇ ಅವರ ಹಿಂದೆ ಸರಿದು, ಚೆಂಡು ಅವರ ಕೈ ಸೇರಲು ಬಿಟ್ಟೆ. "ಏನ್ ಮಾಡ್ತಿದೀಯ ಮಾರಾಯ, ಮುಂದೆ ಬಾ!" ನಮ್ಮ ನಾಯಕ ಕಿರುಚಿದ. ನನ್ನ ಕಿವಿಯೆಲ್ಲ ಸೈರನ್ನಿನ ಕಡೆ. ಕೂಗೇ ತಾಯಿ, ಕೂಗು!

ಕೂಗಿತು. ಅವರ ಕಣ್ಣು ಕೆಳಗಿಳಿಯಿತು. ನಾನು ಕೈ ಬೀಸಿದೆ.

ಚೆಂಡು ನನ್ನ ಕೈಯಲ್ಲಿತ್ತು! ಖುಷಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಕೋರ್ಟಿನ ಉದ್ದಕ್ಕೂ ಓಡಿದೆ. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಹಾರಿ ಚೆಂಡನ್ನು ಬುಟ್ಟಿಯತ್ತ ಬಿಟ್ಟೆ. ಹಿಂದಿನಿಂದ ಒಂದು ದೊಡ್ಡ ಅಂಗೈ ಬಂದು ಅದನ್ನು ಫಟಾರನೆ ಹೊರಗೆ ಬಡಿಯಿತು. ಸೋತ ಮಂಡಿಯಲ್ಲಿ ಇಡೀ ಕೋರ್ಟು ಓಡಿ ಬಂದಿದ್ದರು ಪುಣ್ಯಾತ್ಮ. ಜನ ಎದ್ದು ಕುಣಿದರು. ಸಿಟ್ಟು ಬರಬೇಕಿತ್ತು, ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ.

ಪಂದ್ಯ ಮುಗಿದ ಮೇಲೆ, ಶೂ ಬಿಚ್ಚುತ್ತಾ ಕೂತಿದ್ದವರು ನನ್ನನ್ನು ಕರೆದರು. "ಅಲ್ಲ ಕಣಯ್ಯ, ಇಲ್ಲೀವರೆಗೆ ನನ್ನ ಕೈಯಿಂದ ಯಾರೂ ಹಿಂಗೆ ಕಿತ್ಕೊಂಡಿಲ್ಲ. ಹೆಂಗೆ?"

ಸೈರನ್ನಿನ ವಿಷಯ ಹೇಳಿದೆ. ಅವರು ತಮ್ಮ ಬರಿಗೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಬೆಂಚು ಅಲ್ಲಾಡುವಂತೆ ನಕ್ಕರು. "ನಂಗೇ ಗೊತ್ತಿರ್ಲಿಲ್ಲ ಮಾರಾಯ! ನಮ್ಮನೆಯವಳೂ ನನ್ನನ್ನ ಇಷ್ಟು ನೋಡಿಲ್ಲ." ಆಮೇಲೆ ನನ್ನ ಹೆಗಲ ಮೇಲೆ ಕೈಯೂರಿ ನಿಧಾನವಾಗಿ ಎದ್ದು, ಸುತ್ತ ಇದ್ದವರಿಗೆ ಹೇಳಿದರು, "ನೋಡ್ರಪ್ಪ, ನನ್ನ ತಡೆದವನು ಇವನೇ."

ವಾಪಸ್ಸು ಶಿವಮೊಗ್ಗದ ಬಸ್ಸಿನಲ್ಲಿ ನಮ್ಮವರೆಲ್ಲ ಮುಖ ಇಳಿಬಿಟ್ಟು ಕೂತಿದ್ದರು. ಹೀನಾಯವಾಗಿ ಸೋತಿದ್ದೆವು. ನಾನೊಬ್ಬ ಕಿಟಕಿಯ ಪಕ್ಕ ಸಿಳ್ಳೆ ಹಾಕುತ್ತಿದ್ದೆ. ಕಂಡಕ್ಟರ್ ನನ್ನನ್ನೇ ನೋಡಿ, "ಗೆದ್ರಾ ಸಾರ್?" ಎಂದ.

"ಹೂಂ" ಅಂದೆ.